ಮಕ್ಕಳ ಕೈಯ ಚಾಕೊಲೇಟ್ ಕೊರಡು

ಫ್ರಾನ್ಸ್ ದೇಶದಲ್ಲಿ ಕ್ರಿಸ್‌ಮಸ್ ರಾತ್ರಿ ಒಲೆಯಲ್ಲಿ ದೊಡ್ಡ ಕೊರಡನ್ನು ಉರಿಸುವ ಪದ್ಧತಿಯಿದ್ದಿತು. ಅಂಥ ಒಲೆಗಳು ಮರೆಯಾದಂತೆ ಕೊರಡಿನ ಆಕಾರದ ಕೇಕ್ ‘ಬೂಶ್ ದ ನೊಯೆಲ್’ ಆ ಸ್ಥಾನಕ್ಕೆ ಬಂದಿತು. ಪರದೇಶದಲ್ಲಿರುವ ನಮ್ಮ ಲಿಂಗಾಯತ ಮನೆಗಳ ಮಕ್ಕಳು ಸಹಪಾಠಿಗಳ ಮನೆಯಲ್ಲಿ ಇದನ್ನು ಕಂಡು ಹಟ ಹಿಡಿಯುವುದು ಸಹಜ. ಆದರೆ ಕೇಕಿನಲ್ಲಿ ಮೊಟ್ಟೆ. ಅಲಂಕಾರಕ್ಕಿಡುವ ಮಾರ್ಷ್‌ಮ್ಯಾಲೊದಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಾಟಿನ್! ಮಗುವನ್ನು ಗದರುವುದಕ್ಕಿಂತ ಮನೆಯಲ್ಲಿಯೇ ಮಾಡುವುದು ಲೇಸು.

ಮೊಟ್ಟೆಯಿಲ್ಲದ 200 ಗ್ರಾಂ ಬಿಸ್ಕತ್ತನ್ನು ಮಕ್ಕಳೇ ಪುಡಿ ಮಾಡಲಿ. 2 ಚಮಚ ಕೋಕೋ, 50 ಗ್ರಾಂ ಕರಗಿಸಿದ ಬೆಣ್ಣೆ, ಮುದ್ದೆಯಾಗುವಷ್ಟು ಕಂಡೆನ್ಸ್ಡ್ ಹಾಲು ಬೆರೆಸಿ, ಉರುಳೆ ಮಾಡಿ, 2 ಗಂಟೆ ಫ್ರಿಜ್‌ನಲ್ಲಿಡಿರಿ. ಕರಗಿಸಿದ ಚಾಕೊಲೇಟನ್ನು ಬಳಿದು, ಆರುತ್ತಿರುವಾಗ ಮುಳ್ಳುಚಮಚದಿಂದ ಗೀರಿದರೆ ತೊಗಟೆ. ಸಕ್ಕರೆ ಪುಡಿ ಉದುರಿಸಿದರೆ ಹಿಮ. ಗೀರು ಸೊಟ್ಟಗಾಯಿತೆಂದು ತಾಯಂದಿರು ತಿದ್ದಬೇಡಿರಿ, ಯಾವ ಮರದ ತೊಗಟೆ ನೆಟ್ಟಗಿದೆ? ಮೊದಲ ತುಂಡನ್ನು ಆ ಸಹಪಾಠಿಯ ಮನೆಗೆ ಮಗುವೇ ಕೊಂಡೊಯ್ಯಲಿ.