ಸ್ಪೋರ್ಟ್ಸ್ ಕಾರಿಗೆ ಅಗಲದ ಟೈರು: ದೇವನೂರಿನ ದಾರಿಗೆ ಲೆಕ್ಕ ಹಾಕಿದರೆ

ದೇವನೂರಿನ ಗೆಳೆಯನೊಬ್ಬ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು 330ಐ ತಗೊಂಡಿದ್ದಾನೆ. ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಗಳಿಗೇ ಹೋಗುವ ಕಾರು. ಅವನ ಪ್ರಶ್ನೆ ಇಷ್ಟೇ: "ಹಿಂದ್ಗಡೆ ಇನ್ನೂ ಅಗಲದ, ಲೋ ಪ್ರೊಫೈಲ್ ಟೈರ್ ಹಾಕಿಸೋಣ ಅಂತಿದೀನಿ. 20 ಇಂಚಿನ ಅಲಾಯ್ ನೋಡಿಟ್ಟಿದೀನಿ. ಏನಂತೀಯ?" ಮೆಕ್ಯಾನಿಕಲ್ ಓದಿ ಪತ್ರಕರ್ತನಾದವನಿಗೆ ಇಂಥ ಪ್ರಶ್ನೆಗಳು ತಪ್ಪೋದಿಲ್ಲ. ಹಬ್ಬಕ್ಕೆ, ಜಾತ್ರೆಗೆ, ಅಮ್ಮನ್ನ ನೋಡೋಕೆ ಇದೇ ಕಾರು ಊರಿಗೂ ಹೋಗಬೇಕು ಅನ್ನೋದು ಅವನು ಹೇಳದೆ ಬಿಟ್ಟ ಮಾತು.

ದೇವನೂರು ಅಂದರೆ ಕಡೂರು ತಾಲ್ಲೂಕಿನ, ಲಕ್ಷ್ಮೀಶ ಕವಿಯ ಊರು. ಅವನ 'ಜೈಮಿನಿ ಭಾರತ' ಅಶ್ವಮೇಧದ ಕುದುರೆಯ ಹಿಂದೆ ದೇಶದಿಂದ ದೇಶಕ್ಕೆ ಓಡುವ ಕಥೆ. ಆ ಕುದುರೆಗೆ ರಸ್ತೆಯ ಚಿಂತೆ ಇರಲಿಲ್ಲ. ಇನ್ನೂರೈವತ್ತು ಚಿಲ್ಲರೆ ಕುದುರೆಗಳ ಬಲದ ಕಾರಿಗೆ ಅದೇ ಮೊದಲ ಚಿಂತೆ ಆಗಬೇಕು.

ಮೊದಲು ಟೈರಿನ ಪಕ್ಕದಲ್ಲಿ ಬರೆದಿರುವ ಅಂಕಿ ಓದೋಣ. ಈ ಕಾರಿಗೆ ಬರುವ ಒಂದು ಜೋಡಿ ಹೀಗಿದೆ: ಮುಂದೆ 225/45 ಆರ್18, ಹಿಂದೆ 255/40 ಆರ್18. ಮೊದಲನೇ ಅಂಕಿ ಮಿಲಿಮೀಟರಿನಲ್ಲಿ ಅಗಲ. ಎರಡನೆಯದು ಎತ್ತರವಲ್ಲ, ಅಗಲದ ಶೇಕಡಾವಾರು. ಆರ್ ಅಂದರೆ ರೇಡಿಯಲ್, 18 ಅಂದರೆ ರಿಮ್ಮಿನ ಇಂಚು. ಬಹಳ ಜನ ಎಡವೋದು ಎರಡನೇ ಅಂಕಿಯಲ್ಲಿ. 225ರ ಶೇ 45 ಅಂದರೆ 101 ಮಿ.ಮೀ., 255ರ ಶೇ 40 ಅಂದರೆ 102 ಮಿ.ಮೀ. ನೋಡಿ, ಹಿಂದಿನ ಟೈರು ಹೆಸರಿಗೆ 'ಲೋ ಪ್ರೊಫೈಲ್', ಆದರೆ ಅದರ ಪಕ್ಕದ ಗೋಡೆ, ಅಂಗಡಿಯವರು ಸೈಡ್‌ವಾಲ್ ಅನ್ನೋದು, ಮುಂದಿನದ್ದರಷ್ಟೇ ಎತ್ತರ ಇದೆ. ಅಗಲ ಜಾಸ್ತಿ ಮಾಡಿದಾಗ ಚಕ್ರದ ಒಟ್ಟು ವ್ಯಾಸ ಕೆಡದಿರಲಿ ಅಂತ ಕಂಪನಿ ಶೇಕಡಾವಾರು ಇಳಿಸಿದೆ, ಅಷ್ಟೇ. ಎರಡರ ವ್ಯಾಸವೂ ಸುಮಾರು 660 ಮಿ.ಮೀ.

ಗೋಡೆ ನಿಜವಾಗಿ ಕುಳ್ಳಗಾಗೋದು ರಿಮ್ ದೊಡ್ಡದಾದಾಗ. ಗೆಳೆಯ ಆರಿಸಿದ್ದು 275/30 ಆರ್20. ಗೋಡೆ 82.5 ಮಿ.ಮೀ. ಇದ್ದ ರಬ್ಬರಿನಲ್ಲಿ ಐದರಲ್ಲೊಂದು ಪಾಲು ಹೋಯಿತು. ವ್ಯಾಸ 673ಕ್ಕೆ ಏರಿತು, ಅಂದರೆ ಮುಂದಿನ ಚಕ್ರಕ್ಕಿಂತ ಶೇ 2ರಷ್ಟು ದೊಡ್ಡದು. ಎಬಿಎಸ್, ಸ್ಟೆಬಿಲಿಟಿ ಕಂಟ್ರೋಲ್ ಎರಡೂ ನಾಲ್ಕು ಚಕ್ರಗಳ ವೇಗವನ್ನು ಹೋಲಿಸಿ ನೋಡಿಯೇ ತೀರ್ಮಾನ ಮಾಡೋದು. ಅವಕ್ಕೆ ನಾವೇ ತಪ್ಪು ಲೆಕ್ಕ ಕೊಟ್ಟ ಹಾಗೆ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರಾಗಿದ್ದರೆ ಮುಂದೆ ಹಿಂದೆ ಹಂಚುವ ಕ್ಲಚ್ಚು ಸದಾ ತಿಕ್ಕಾಡಿ ಬಿಸಿಯೇರುತ್ತದೆ. ಆ ರಿಪೇರಿ ಬಿಲ್ಲಿನ ಮುಂದೆ ಟೈರಿನ ಬೆಲೆ ಏನೂ ಅಲ್ಲ.

ಹಾಗಾದರೆ ಸ್ಪೋರ್ಟ್ಸ್ ಕಾರುಗಳಲ್ಲಿ ಹಿಂದಿನ ಟೈರು ಅಗಲ ಯಾಕೆ? ಪೋರ್ಷೆ 911 ಕರೇರಾದ 992 ಮಾದರಿಯಲ್ಲಿ ಮುಂದೆ 235, ಹಿಂದೆ 295. ಆ ಕಾರಿನ ಎಂಜಿನ್ ಇರೋದೇ ಹಿಂದೆ. ಆಕ್ಸಿಲರೇಟರ್ ಒತ್ತಿದಾಗ ಯಾವ ಕಾರಿನ ತೂಕವೂ ಹಿಂದಕ್ಕೆ ವಾಲುತ್ತದೆ. ಬಲವೂ ಅಲ್ಲೇ ಹೋದರೆ ಅಲ್ಲಿ ಹಿಡಿತ ಬೇಕು.

ಅಗಲ ಮಾಡಿದರೆ ನೆಲಕ್ಕೆ ತಾಗುವ ಜಾಗ ಹೆಚ್ಚುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ಪೂರ್ತಿ ನಿಜವಲ್ಲ. ಒಂದು ಚಕ್ರದ ಮೇಲೆ 400 ಕೆ.ಜಿ. ಭಾರ, ಗಾಳಿ 33 ಪಿಎಸ್‌ಐ ಅಂತಿಟ್ಟುಕೊಳ್ಳಿ. ಸ್ಥೂಲವಾಗಿ 170 ಚದರ ಸೆಂ.ಮೀ. ನೆಲ ತಾಗುತ್ತದೆ, ಬೆರಳು ಚಾಚಿದ ಅಂಗೈಯಷ್ಟು. ಭಾರ ಅದೇ, ಗಾಳಿ ಅದೇ ಅಂದಮೇಲೆ ಅಗಲದ ಟೈರಿನಲ್ಲೂ ಹೆಚ್ಚು ಕಡಿಮೆ ಅಷ್ಟೇ. ಬದಲಾಗೋದು ಆಕಾರ. ಉದ್ದಕ್ಕಿದ್ದ ಗುರುತು ಅಡ್ಡಕ್ಕಾಗುತ್ತದೆ. ತಿರುವಿನಲ್ಲಿ ಈ ಅಡ್ಡ ಆಕಾರ ಚೆನ್ನಾಗಿ ಕಚ್ಚುತ್ತದೆ, ಕುಳ್ಳ ಗೋಡೆ ಬಳುಕೋದು ಕಡಿಮೆ, ಸ್ಟೀರಿಂಗ್ ತಿರುಗಿಸಿದ ತಕ್ಷಣ ಕಾರು ಮಾತು ಕೇಳುತ್ತದೆ. ಆ ಸುಖ ಸುಳ್ಳಲ್ಲ. ಆದರೆ ಹಿಂದಿನದ್ದನ್ನು ಮಾತ್ರ ಅಗಲ ಮಾಡಿದರೆ ಮುಂದಿನ ಟೈರು ಮೊದಲು ಸೋಲುತ್ತದೆ. ಚಾರ್ಮಾಡಿ ಘಾಟಿಯ ತಿರುವಲ್ಲಿ ಕಾರು ಒಳಗೆ ತಿರುಗುವ ಬದಲು ಹೊರಗಿನ ತಡೆಗೋಡೆ ಕಡೆ ಜಾರುತ್ತದೆ ಅಂತ ಅರ್ಥ.

ಮಳೆಯ ಲೆಕ್ಕ ಇನ್ನೂ ಕೆಟ್ಟದ್ದು. ರಸ್ತೆ ಮೇಲೆ 3 ಮಿ.ಮೀ. ನೀರು ನಿಂತಿದೆ, ವೇಗ ಗಂಟೆಗೆ 80 ಕಿ.ಮೀ. 255ರ ಟೈರು ಸೆಕೆಂಡಿಗೆ ಸುಮಾರು 17 ಲೀಟರ್ ನೀರು ಸರಿಸಬೇಕು, 275ರದ್ದು 18 ಲೀಟರಿಗೂ ಹೆಚ್ಚು. ಜೊತೆಗೆ ನೆಲದ ಗುರುತು ಮೋಟಾಗಿರುವುದರಿಂದ ಸರಿಸಲು ಸಿಗುವ ಸಮಯವೂ ಕಡಿಮೆ. ಸರಿಸಲಾಗದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ. ಆಗ ಬ್ರೇಕು, ಸ್ಟೀರಿಂಗ್ ಎರಡೂ ಇದ್ದೂ ಇಲ್ಲದ ಹಾಗೆ. ಕಾರುಗಳಿಗೆ ಟ್ರೆಡ್ 1.6 ಮಿ.ಮೀ. ಇದ್ದರೆ ಸಾಕು ಅನ್ನುತ್ತದೆ ನಿಯಮ. ಅಗಲದ ಟೈರಿಗೆ ಮಲೆನಾಡಿನ ಮಳೆಯಲ್ಲಿ ಆ ಕನಿಷ್ಠವನ್ನು ನಾನಂತೂ ನಂಬಲ್ಲ, 3 ಮಿ.ಮೀ.ಗೆ ಬಂದಾಗಲೇ ಬದಲಿಸಿ ಅಂತೀನಿ.

ಇನ್ನು ಗುಂಡಿ. ಚಕ್ರ ಗುಂಡಿಗಿಳಿದು ಆಚೆ ಅಂಚಿಗೆ ಗುದ್ದಿದಾಗ ಗೋಡೆ ಮಡಚಿ, ರಿಮ್ಮಿಗೂ ಡಾಂಬರಿನ ಅಂಚಿಗೂ ನಡುವೆ ಸಿಕ್ಕಿಬೀಳುತ್ತದೆ. ಒಳಗಿನ ದಾರಗಳು ತುಂಡಾಗುತ್ತವೆ. ಸ್ವಲ್ಪ ದಿನಕ್ಕೆ ಪಕ್ಕದಲ್ಲಿ ಗುಳ್ಳೆ ಏಳುತ್ತದೆ. ಅದಕ್ಕೆ ಪಂಚರ್ ಅಂಗಡಿಯಲ್ಲಿ ಮದ್ದಿಲ್ಲ, ಟೈರೇ ಎಸೆಯಬೇಕು. ಎತ್ತರದ ಗೋಡೆ ಅಂದರೆ ಗುಂಡಿಗೂ ರಿಮ್ಮಿಗೂ ನಡುವಿನ ಸ್ಪ್ರಿಂಗು. ನಾವು ಶೋಕಿಗೆ ಕತ್ತರಿಸಿ ಹಾಕಿದ 20 ಮಿ.ಮೀ. ಇದೇ. ಸ್ಟೆಪ್ನಿಯ ಕಥೆ ಬೇರೆ: ಟ್ಯೂಬ್‌ಲೆಸ್ ಟೈರು, ಗಾಳಿ ಒತ್ತಡದ ಎಚ್ಚರಿಕೆ ಮತ್ತು ರಿಪೇರಿ ಕಿಟ್ ಇದ್ದರೆ ಕಾರಿಗೆ ಸ್ಟೆಪ್ನಿಯೇ ಬೇಡ ಅಂತ ಕೇಂದ್ರ ಸರ್ಕಾರ 2020ರಲ್ಲಿ ನಿಯಮ ಬದಲಿಸಿದೆ. ಹರಿದ ಗೋಡೆಗೆ ಆ ಕಿಟ್ ಕೆಲಸಕ್ಕೆ ಬಾರದು. ರಾತ್ರಿ ಹತ್ತಕ್ಕೆ ಕಡೂರಿನಲ್ಲಿ 275/30 ಆರ್20 ಹುಡುಕೋದನ್ನು ಕಲ್ಪಿಸಿಕೊಳ್ಳಿ. ಸುಗ್ಗಿಯಲ್ಲಿ ರಸ್ತೆ ಮೇಲೆ ಹರಡಿದ ರಾಗಿ, ಹುರುಳಿಯ ವಿಷಯ ಬೇರೆ ಹೇಳಬೇಕಿಲ್ಲ.

ವೇಗವೇ ಉಸಿರಾದವರು ಏನು ಮಾಡುತ್ತಾರೆ ನೋಡಿ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ ಏಷ್ಯಾ-ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತು ನಡೆದಿದೆ. ಗೌರವ್ ಗಿಲ್ 2016ರಲ್ಲಿ ಆ ಚಾಂಪಿಯನ್‌ಶಿಪ್ ಗೆದ್ದರು. ಈ ಜಾತಿಯ ರ್ಯಾಲಿ ಕಾರುಗಳಿಗೆ ವಿಶ್ವಮಟ್ಟದಲ್ಲಿ ಡಾಂಬರಿಗೆ ಬಳಸುವ ಟೈರು 235/40, 18 ಇಂಚು. ಮಣ್ಣಿಗೆ ಬಂದಾಗ ಅದೇ ಕಾರಿಗೆ ಅಗಲ ಕಡಿಮೆಯ, 15 ಇಂಚಿನ ಟೈರು. 94 ಮಿ.ಮೀ. ಇದ್ದ ಗೋಡೆ ಇನ್ನೂ ಎತ್ತರವಾಗುತ್ತದೆ. ಎಂಜಿನ್ ಬದಲಾಗಿಲ್ಲ, ಡ್ರೈವರ್ ಬದಲಾಗಿಲ್ಲ. ದಾರಿ ಬದಲಾಯಿತು, ಟೈರು ಸಣ್ಣದಾಯಿತು, ದಪ್ಪಗಾಯಿತು.

ಗೆಳೆಯನಿಗೆ ನಾನು ಹೇಳಿದ್ದು: 18 ಇಂಚೇ ಇರಲಿ. ತೀರಾ ಮನಸ್ಸಾದರೆ ಕಂಪನಿಯೇ ಕೊಡುವ 19 ಇಂಚಿನ ಜೋಡಿ, ಮುಂದೆ 225/40, ಹಿಂದೆ 255/35. ವ್ಯಾಸ ಕೆಡೋದಿಲ್ಲ, ಗೋಡೆ 13 ಮಿ.ಮೀ. ಹೋಗುತ್ತದೆ. ಭಾರದ ಸೂಚ್ಯಂಕ ಇಳಿಯದಂತೆ ನೋಡಿಕೋ. 99 ಅಂದರೆ ಒಂದು ಟೈರಿಗೆ 775 ಕೆ.ಜಿ., 96 ಅಂದರೆ 710. ಅಲಾಯ್‌ಗೆ ಎತ್ತಿಟ್ಟ ದುಡ್ಡನ್ನು ಒದ್ದೆ ರಸ್ತೆಯಲ್ಲಿ ಹಿಡಿಯುವ ಒಳ್ಳೆ ರಬ್ಬರಿಗೆ ಹಾಕು. ಅವನ ಉತ್ತರ: "ನಾನ್ಯಾಕೆ ಟೈರ್ ಕುಗ್ಗಿಸ್ಕೊಳ್ಳಲಿ? ರಸ್ತೆ ಸರಿ ಮಾಡೋಕೆ ಹೇಳು ಅವ್ರಿಗೆ."

ಅವನ ಮಾತು ಅರ್ಧ ಸರಿ. ಗುಂಡಿಯಲ್ಲಿ ಅವನು ಕಳೆದುಕೊಳ್ಳೋದು ಒಂದು ಟೈರು. ಅವನ ಹಿಂದೆ ಸ್ಕೂಟರಿನಲ್ಲಿ ಬರುವವರ ಲೆಕ್ಕ ಬೇರೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅವರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದವರು. ಗುಂಡಿಗಳಿಂದಲೇ ಸತ್ತವರು 1,856 ಅಂತ ಕೇಂದ್ರ ಸಾರಿಗೆ ಸಚಿವಾಲಯವೇ ಹೇಳಿದೆ. ಅಲಾಯ್ ವೀಲ್ ಸೀಳಿದ ಫೋಟೋಗೆ ಸಚಿವರನ್ನು ಟ್ಯಾಗ್ ಮಾಡುವ ನಮ್ಮ ಸಿಟ್ಟು ಈ ಜನರ ವಿಷಯದಲ್ಲಿ ಅಷ್ಟು ಬೇಗ ಏಳೋದಿಲ್ಲ.

ಕಾನೂನು ಏನನ್ನುತ್ತದೆ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ವಿವರಣೆಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷ ಸಂಸತ್ತು ಕಾಯ್ದೆಗೆ ತಿದ್ದುಪಡಿ ಮಾಡಿತು. ಅದರ ಎರಡು ಸೆಕ್ಷನ್ ನೋಡಿ. 182ಎ: ಅನುಮತಿಯಿಲ್ಲದೆ ವಾಹನ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. 198ಎ: ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ, ಹೊಣೆಗಾರ ಅಧಿಕಾರಿ ಅಥವಾ ಗುತ್ತಿಗೆದಾರನಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಈ ಸೆಕ್ಷನ್ನಿನಲ್ಲಿ ಜೈಲಿನ ಮಾತೇ ಇಲ್ಲ.