ಮುಖ ಅವರದು, ಮೊಬೈಲ್ ನಮ್ಮದು

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು, ಶ್ರೀನಿವಾಸಪುರದ ಮಾವಿನ ಮಂಡಿ, ಮಾಲೂರಿನ ಇಟ್ಟಿಗೆ ಗೂಡು, ಮುಳಬಾಗಿಲು ಬಳಿಯ ಕುರುಡುಮಲೆ ಗಣಪನೆದುರು ಕೈಮುಗಿದವರು: ರೀಲ್‌ಗೆ ಇನ್ನೇನು ಬೇಕು? ಬೇಕಾದದ್ದು ಒಂದೇ, ಆ ಮುಖದವರ ಒಪ್ಪಿಗೆ. ‘ಸಾರ್ವಜನಿಕ ಜಾಗ ತಾನೇ, ಕೇಳೋದ್ಯಾಕೆ?’ ಅನ್ನಬಹುದು. ನಿಜ, ಬೀದಿಯಲ್ಲಿ ಫೋಟೊ ತೆಗೆಯುವುದೇ ಅಪರಾಧವಲ್ಲ. ಆದರೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ, 2017ರಲ್ಲಿ, ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಬೀದಿಗೆ ಬಂದ ಮಾತ್ರಕ್ಕೆ ಅದು ಕಳೆದುಹೋಗುವುದಿಲ್ಲ ಎಂಬ ಮಾತೂ ಆ ತೀರ್ಪಿನಲ್ಲಿದೆ. 2025ರಲ್ಲಿ ಬೆಂಗಳೂರು ಮೆಟ್ರೊದಲ್ಲಿ ಮಹಿಳೆಯರನ್ನು ಗುಟ್ಟಾಗಿ ಚಿತ್ರೀಕರಿಸಿ ಇನ್‌ಸ್ಟಾಗ್ರಾಂಗೆ ಹಾಕಿದವನನ್ನು ಪೊಲೀಸರು ಬಂಧಿಸಿದರು.

‘ಕೇಳಿದರೆ ಸಹಜತೆ ಕೆಡುತ್ತದಲ್ಲ’ ಎಂಬ ಆಕ್ಷೇಪದಲ್ಲೂ ಹುರುಳಿದೆ. ದೂರದಿಂದ ತೆಗೆದ ಸಂತೆಯ ಗದ್ದಲಕ್ಕೆ ಪ್ರತಿಯೊಬ್ಬರ ಅನುಮತಿ ಕೇಳಲಾಗದು. ಒಂದೇ ಮುಖ ಚೌಕಟ್ಟು ತುಂಬಿದಾಗ ಮಾತ್ರ ಲೆಕ್ಕ ಬೇರೆ. ಆಗ ತೆಗೆದ ಮೇಲಾದರೂ ತೋರಿಸಿ, ‘ಹಾಕಲಾ ಅಣ್ಣಾ, ಹಾಕಲಾ ಅಮ್ಮಾ?’ ಎಂದು ಕೇಳಿ. ಬೇಡ ಅಂದರೆ ಅಲ್ಲೇ ಅಳಿಸಿ. ಮಕ್ಕಳಾದರೆ ಹೆತ್ತವರನ್ನು ಕೇಳಿ. ಮೂಟೆ ಹೊರುವವರಿಗೆ, ಗೂಡಿನ ಕೂಲಿಯವರಿಗೆ ‘ಬೇಡ’ ಎನ್ನುವ ಧೈರ್ಯ ಕಡಿಮೆ. ಅದಕ್ಕೇ ಅವರ ಮೌನವನ್ನು ಒಪ್ಪಿಗೆ ಎಂದುಕೊಳ್ಳಬಾರದು. ಲೈಕು ನಮಗೆ ಬರುತ್ತದೆ, ಕಾಮೆಂಟಿನ ಗೇಲಿ ಅವರ ಪಾಲಾಗುತ್ತದೆ.