ಹೆದರಿಸಲು ಹೋಗಿ ನಗಿಸಿದ ಹೊಗೆ

ಹುಡುಗನೊಬ್ಬ ಗಾಂಜಾ ತುಂಬಿದ ಸಿಗರೇಟಿನ ದಮ್ಮು ಎಳೆಯುತ್ತಾನೆ. ಕಣ್ಣು ಅಗಲವಾಗುತ್ತದೆ, ಮುಖ ಸೊಟ್ಟಗಾಗುತ್ತದೆ. ಪಿಯಾನೊ ಮುಂದೆ ಕೂತ ಹೆಂಗಸಿಗೆ ಇನ್ನೂ ಬೇಗ, ಇನ್ನೂ ಬೇಗ ನುಡಿಸು ಎಂದು ಅರಚುತ್ತಾನೆ. ಇಡೀ ಕಥೆಯಲ್ಲಿ ಅನಾಹುತಗಳದ್ದೇ ಸಾಲು. ಕಾರು ಹಾಯ್ದು ದಾರಿಹೋಕನೊಬ್ಬ ಬೀಳುತ್ತಾನೆ, ಅಮಾಯಕ ಹುಡುಗಿಗೆ ಗುಂಡು ತಗಲುತ್ತದೆ, ಇನ್ನೊಬ್ಬಳು ಕಿಟಕಿಯಿಂದ ಹಾರುತ್ತಾಳೆ, ಒಬ್ಬ ಹುಚ್ಚಾಸ್ಪತ್ರೆ ಸೇರುತ್ತಾನೆ.

ಇದು 1936ರ ಅಮೆರಿಕದ ಸಿನಿಮಾ. ಚರ್ಚಿನ ಗುಂಪೊಂದು ದುಡ್ಡು ಹಾಕಿ ತೆಗೆಸಿದ್ದು. ನಿರ್ದೇಶಕ ಲೂಯಿ ಗ್ಯಾಸ್ನಿಯೆ. ಅದರ ಮೂಲ ಹೆಸರು 'ಟೆಲ್ ಯುವರ್ ಚಿಲ್ಡ್ರನ್', ಅಂದರೆ ನಿಮ್ಮ ಮಕ್ಕಳಿಗೆ ತಿಳಿಹೇಳಿ ಎಂದು. ಶಾಲೆಯ ಮುಖ್ಯೋಪಾಧ್ಯಾಯರು ಪೋಷಕರ ಸಭೆಯಲ್ಲಿ ಮಾಡುವ ಭಾಷಣದಿಂದಲೇ ಕಥೆ ಶುರುವಾಗುತ್ತದೆ. ಮುಂದೆ ಡ್ವೇನ್ ಎಸ್ಪರ್ ಎಂಬ ವ್ಯಾಪಾರಿ ನಿರ್ಮಾಪಕ ಅದನ್ನು ಕೊಂಡು, ಒಂದಿಷ್ಟು ಕಚಗುಳಿಯ ದೃಶ್ಯ ಸೇರಿಸಿ ಊರೂರು ಸುತ್ತಿಸಿದ. 'ರೀಫರ್ ಮ್ಯಾಡ್‌ನೆಸ್' ಎಂಬ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು.

1972ರಲ್ಲಿ, ಗಾಂಜಾ ಕಾನೂನು ಸಡಿಲಿಸಬೇಕೆಂದು ಹೋರಾಡುತ್ತಿದ್ದ ಕೀತ್ ಸ್ಟ್ರೂಪ್ ಎಂಬ ವಕೀಲರಿಗೆ ಇದರ ಪ್ರತಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿತು. ಹಕ್ಕುಸ್ವಾಮ್ಯ ಎಂದೋ ಕೈತಪ್ಪಿ ಹೋಗಿತ್ತು. 297 ಡಾಲರ್ ಕೊಟ್ಟು ಪ್ರತಿ ಕೊಂಡು ಕಾಲೇಜುಗಳಲ್ಲಿ ತೋರಿಸಿದರು. ಹಿಂದಿನ ತಲೆಮಾರನ್ನು ಹೆದರಿಸಲು ತೆಗೆದ ಚಿತ್ರಕ್ಕೆ ವಿದ್ಯಾರ್ಥಿಗಳು ಬಿದ್ದುಬಿದ್ದು ನಕ್ಕರು. ಅವರಲ್ಲಿ ಎಷ್ಟೋ ಜನರಿಗೆ ಗಾಂಜಾದ ರುಚಿ ಗೊತ್ತಿತ್ತು. ಪರದೆಯ ಮೇಲಿನದು ಸುಳ್ಳೆಂದು ಅವರ ಅನುಭವವೇ ಹೇಳುತ್ತಿತ್ತು. ಆದರೆ ಸುಳ್ಳಿನ ಜೊತೆ, ಅದರಲ್ಲಿ ಅಡಗಿದ್ದ ಅಷ್ಟಿಷ್ಟು ನಿಜವನ್ನೂ ಅವರು ನಗೆಯಲ್ಲೇ ತೂರಿಬಿಟ್ಟರು. ಗಾಂಜಾ ಅಮಲನ್ನೇ ನಗೆಯ ವಸ್ತುವಾಗಿಸುವ ಸ್ಟೋನರ್ ಕಾಮಿಡಿ ಎಂಬ ಪ್ರಕಾರಕ್ಕೆ ಪ್ರೇಕ್ಷಕರು ತಯಾರಾದದ್ದು ಆ ಕಾಲೇಜು ಸಭಾಂಗಣಗಳಲ್ಲಿ ಎಂದು ನನಗನ್ನಿಸುತ್ತದೆ.

ಹಾಲಿವುಡ್ ಮಾತ್ರ ಈ ವಿಷಯವನ್ನು ಬಹುಕಾಲ ಮುಟ್ಟಿರಲಿಲ್ಲ. 1934ರಿಂದ ಬಿಗಿಯಾಗಿ ಜಾರಿಯಲ್ಲಿದ್ದ ಚಿತ್ರೋದ್ಯಮದ ನೀತಿಸಂಹಿತೆ ಮಾದಕವಸ್ತುವಿನ ಕಥೆಗೆ ಬಾಗಿಲು ಹಾಕಿತ್ತು. 1955ರಲ್ಲಿ ಆಟೊ ಪ್ರೆಮಿಂಜರ್ ಒಪ್ಪಿಗೆಯ ಮುದ್ರೆಯಿಲ್ಲದೆಯೇ ಹೆರಾಯಿನ್ ವ್ಯಸನಿಯ ಕಥೆಯೊಂದನ್ನು ತೆರೆಗೆ ತಂದ ಮೇಲೆ ಆ ನಿಯಮ ಸಡಿಲಾಯಿತು. 1968ರ ನವೆಂಬರಿನಲ್ಲಿ ಸಂಹಿತೆಯ ಜಾಗಕ್ಕೆ ವಯಸ್ಸಿನ ರೇಟಿಂಗ್ ಬಂತು. 'ಆರ್' ಅಂದರೆ, ಇಂದಿನ ಲೆಕ್ಕದಲ್ಲಿ, 17 ತುಂಬದವರು ಪೋಷಕರ ಜೊತೆಗೇ ಬರಬೇಕು.

ಹತ್ತು ವರ್ಷ ಕಳೆದು, 1978ರಲ್ಲಿ 'ಅಪ್ ಇನ್ ಸ್ಮೋಕ್' ಬಂತು. ಚೀಚ್ ಮರಿನ್ ಮತ್ತು ಟಾಮಿ ಚಾಂಗ್ ಕೆನಡಾದ ವ್ಯಾಂಕೂವರ್‌ನಲ್ಲಿ ಜೊತೆಯಾದವರು. ವೇದಿಕೆಯಲ್ಲಿ ನಗಿಸಿ, ಹಾಸ್ಯದ ಎಲ್‌ಪಿ ರೆಕಾರ್ಡುಗಳಿಂದ ಹೆಸರಾಗಿ, ಗ್ರ್ಯಾಮಿಯನ್ನೂ ಗೆದ್ದಿದ್ದ ಜೋಡಿ. ಸುಮಾರು 20 ಲಕ್ಷ ಡಾಲರ್‌ನಲ್ಲಿ ತಯಾರಾದ ಚಿತ್ರ 4 ಕೋಟಿ ಡಾಲರಿಗೂ ಹೆಚ್ಚು ಬಾಚಿತು. ಒಂದು ಯಶಸ್ಸು ಸಿಕ್ಕ ಮೇಲೆ ಅದೇ ಅಚ್ಚಿನ ಚಿತ್ರಗಳು ಸಾಲುಗಟ್ಟುವುದು ಯಾವ ಚಿತ್ರರಂಗದಲ್ಲಾದರೂ ಇದ್ದದ್ದೇ.

'ಅಪ್ ಇನ್ ಸ್ಮೋಕ್'ನಲ್ಲೊಂದು ದೃಶ್ಯವಿದೆ. ಇಬ್ಬರೂ ಕಾರಿನಲ್ಲಿ ಕೂತು ಸೇದುತ್ತಿದ್ದಾರೆ. ಮುಂದಿನ ರಸ್ತೆ ಕಾಣದಷ್ಟು ಹೊಗೆ. ಸ್ಟಿಯರಿಂಗ್ ಹಿಡಿದವನು, ನಾನು ಸರಿಯಾಗಿ ಓಡಿಸುತ್ತಿದ್ದೇನೆ ತಾನೇ ಎಂದು ಕೇಳುತ್ತಾನೆ. ಪಕ್ಕದವನು ಹೊರಗೆ ನೋಡಿದರೆ, ಕಾರು ಆಗಲೇ ರಸ್ತೆ ಮಧ್ಯದ ಡಿವೈಡರ್ ಏರಿ ನಿಂತಿದೆ! ನಗು ತಡೆಯಲಾಗುವುದಿಲ್ಲ, ಅಷ್ಟು ಹದವಾಗಿ ಕೂಡಿಬಂದ ದೃಶ್ಯ. ಆದರೆ ನಾಲ್ಕು ದಶಕದ ಹಿಂದೆ 'ರೀಫರ್ ಮ್ಯಾಡ್‌ನೆಸ್'ನಲ್ಲಿ ದಾರಿಹೋಕನನ್ನು ಬೀಳಿಸಿದ ಅದೇ ಕಾರು ಇಲ್ಲಿ ಯಾರಿಗೂ ತಾಗದೆ ತಾನಾಗಿ ನಿಂತಿದೆ. ಹೆದರಿಸುವ ಚಿತ್ರದಲ್ಲಿ ಒಂದು ದಮ್ಮಿಗೆ ಒಂದು ಹೆಣ ಬಿದ್ದರೆ, ನಗಿಸುವ ಚಿತ್ರದಲ್ಲಿ ಊರು ತುಂಬುವಷ್ಟು ಹೊಗೆಗೂ ಯಾರಿಗೂ ಒಂದು ಗಾಯವಿಲ್ಲ. ಗಾಂಜಾದ ಅಮಲಿನಲ್ಲಿ ಕಣ್ಣು-ಕೈಗಳ ಹೊಂದಾಣಿಕೆ ತಪ್ಪುತ್ತದೆ, ಬ್ರೇಕ್ ಒತ್ತುವುದು ತಡವಾಗುತ್ತದೆ. ಹೊಸದಾಗಿ ಬೈಕು ಕಲಿತ ಹುಡುಗನಿಗೆ ತಿಳಿದಿರಬೇಕಾದ ಈ ಸಂಗತಿಯನ್ನು ಆ ಹಾಸ್ಯ ನಾಜೂಕಾಗಿ ಹೊರಗಿಟ್ಟಿದೆ.

ಟಾಮಿ ಚಾಂಗ್ ಅವರ ನಿಜ ಜೀವನದಲ್ಲಿ ಎಲ್ಲವೂ ಹಾಗೆ ಗಾಯವಿಲ್ಲದೆ ಮುಗಿಯಲಿಲ್ಲ. 2003ರಲ್ಲಿ, ಗಾಂಜಾ ಸೇದುವ ಗಾಜಿನ ಕೊಳವೆಗಳನ್ನು ಮಾರಿದ ಪ್ರಕರಣದಲ್ಲಿ ಅವರಿಗೆ ಒಂಬತ್ತು ತಿಂಗಳ ಜೈಲುಶಿಕ್ಷೆಯಾಯಿತು.

ಇಂಥ ಚಿತ್ರಗಳಿಗೆ 'ಆರ್' ಕೊಟ್ಟದ್ದರಿಂದ ಹದಿಹರೆಯದವರು ದೂರ ಉಳಿದರೇ? ಉಳಿಯಲಿಲ್ಲ. ಎಂಬತ್ತರ ದಶಕದಲ್ಲಿ ವಿಡಿಯೊ ಕ್ಯಾಸೆಟ್ ಮನೆಮನೆಗೂ ಬಂತು. ಟಾಕೀಸಿನ ಬಾಗಿಲಲ್ಲಿ ತಡೆಯುವವನು ಮನೆಯ ಹಾಲ್‌ನಲ್ಲಿ ಇರುವುದಿಲ್ಲವಲ್ಲ. ಅಲ್ಲದೆ ಕಥೆಗಳೇ ಅವರವು. 1982ರ 'ಫಾಸ್ಟ್ ಟೈಮ್ಸ್ ಅಟ್ ರಿಡ್ಜ್‌ಮಾಂಟ್ ಹೈ' ಪೂರ್ತಿ ಹೈಸ್ಕೂಲಿನ ಕಥೆ. ಕ್ಯಾಮರಾನ್ ಕ್ರೋ ಎಂಬ ಯುವ ಪತ್ರಕರ್ತ ವಿದ್ಯಾರ್ಥಿಯ ವೇಷದಲ್ಲಿ ಶಾಲೆ ಸೇರಿ, ಕಂಡದ್ದನ್ನು ಪುಸ್ತಕ ಮಾಡಿದ್ದು ಅದಕ್ಕೆ ಮೂಲ. ನಿರ್ದೇಶಕಿ ಏಮಿ ಹೆಕರ್ಲಿಂಗ್. ಅದರಲ್ಲಿ ಶಾನ್ ಪೆನ್ ಮಾಡಿದ ಸ್ಪಿಕೋಲಿ ಎಂಬ ಹುಡುಗ ಸದಾ ಅಮಲಿನಲ್ಲಿರುವವನು. ಇತಿಹಾಸದ ಪಾಠ ನಡೆಯುವಾಗ ತರಗತಿಗೇ ಪಿಜ್ಜಾ ತರಿಸಿಕೊಳ್ಳುತ್ತಾನೆ. ಮೇಷ್ಟ್ರು ಮಿಸ್ಟರ್ ಹ್ಯಾಂಡ್ ಅದನ್ನು ಕಿತ್ತು ಬೇರೆ ಹುಡುಗರಿಗೆ ಹಂಚುತ್ತಾರೆ. ವರ್ಷದ ಕೊನೆಗೆ, ಎಲ್ಲರೂ ನೃತ್ಯಕೂಟಕ್ಕೆ ಹೊರಟ ಸಂಜೆ, ಅದೇ ಮೇಷ್ಟ್ರು ಅವನ ಮನೆಗೆ ಬಂದು, ನೀನು ನನ್ನ ಸಮಯ ಎಷ್ಟು ಹಾಳುಮಾಡಿದ್ದೀಯೋ ಅಷ್ಟನ್ನು ಈಗ ವಸೂಲಿ ಮಾಡುತ್ತೇನೆ ಎಂದು ಕೋಣೆಯಲ್ಲಿ ಕೂತು ಪಾಠ ಹೇಳುತ್ತಾರೆ. ಹುಡುಗನನ್ನು ಕೈಬಿಡದ ಇಂಥ ಹಿರಿಯರು ಈ ಪ್ರಕಾರದಲ್ಲಿ ಬಲು ಅಪರೂಪ. ಹದಿನೈದರ ಹುಡುಗಿಯೊಬ್ಬಳು ಗರ್ಭಪಾತಕ್ಕೆ ಹೋಗುವ ಕಥೆಯನ್ನೂ ಈ ಚಿತ್ರ ಮರೆಮಾಚದೆ ಹೇಳುತ್ತದೆ. ನಗುವಿನ ನಡುವೆ ಬೆಲೆ ತೆರುವವರು ಕಾಣಿಸುತ್ತಾರೆ.

2004ರ 'ಹೆರಾಲ್ಡ್ ಅಂಡ್ ಕುಮಾರ್' ನಮ್ಮವರಿಗೆ ಹತ್ತಿರದ್ದು. ನ್ಯೂಜೆರ್ಸಿಯ ಇಬ್ಬರು ಗೆಳೆಯರು ಗಾಂಜಾ ಸೇದಿ, ಹಸಿವೆಯಾಗಿ, ಒಂದು ನಿರ್ದಿಷ್ಟ ಬರ್ಗರ್ ಅಂಗಡಿ ಹುಡುಕಿಕೊಂಡು ರಾತ್ರಿಯೆಲ್ಲ ಅಲೆಯುವುದಷ್ಟೇ ಕಥೆ. ಗುಜರಾತಿ ಮೂಲದ ಕಾಲ್ ಪೆನ್ ಕುಮಾರನಾಗಿದ್ದಾರೆ. ಅಪ್ಪ ಡಾಕ್ಟರ್, ಮಗನೂ ಡಾಕ್ಟರಾಗಲೇಬೇಕೆಂಬ ಹಟ. ಮಗ ಮೆಡಿಕಲ್ ಕಾಲೇಜಿನ ಸಂದರ್ಶನವನ್ನು ಬೇಕೆಂದೇ ಕೆಡಿಸಿಕೊಳ್ಳುತ್ತಾನೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಮನೆಗಳ ಮಕ್ಕಳಿಗೂ ಈ ಜಗಳ ಹೊಸದಲ್ಲ. ಅಂಗಡಿ ಕಾಯುವವನಾಗಿಯೋ ಟ್ಯಾಕ್ಸಿ ಓಡಿಸುವವನಾಗಿಯೋ ಹೆಚ್ಚಾಗಿ ಹಾಲಿವುಡ್‌ನಲ್ಲಿ ಕಾಣುತ್ತಿದ್ದ ಭಾರತೀಯ ಮುಖ ಇಲ್ಲಿ ಕಥಾನಾಯಕನದು. ಆ ಹೆಮ್ಮೆಯನ್ನು ಹೊಗೆಯಿಂದ ಬೇರ್ಪಡಿಸಿ ನೋಡುವುದು ಹದಿನಾಲ್ಕರ ವಯಸ್ಸಿನಲ್ಲಿ ಸುಲಭವಲ್ಲ. ಇದೇ ಕಾಲ್ ಪೆನ್ 2009ರಲ್ಲಿ ಒಬಾಮ ಅವರ ಶ್ವೇತಭವನದಲ್ಲಿ ಕೆಲಸಕ್ಕೆ ಸೇರಿದರೆಂಬುದನ್ನೂ ಮಕ್ಕಳಿಗೆ ಹೇಳಬೇಕು.

ರೇಟಿಂಗಿನ ತೊಂದರೆಯೆಂದರೆ ಅದು ಹೊಗೆಯನ್ನು ಎಣಿಸುತ್ತದೆ, ಕಥೆಯನ್ನು ತೂಗುವುದಿಲ್ಲ. ಅಮೆರಿಕದಲ್ಲಿ ಮಾದಕವಸ್ತು ಸೇವನೆ ಕಂಡರೆ ಕನಿಷ್ಠ 'ಪಿಜಿ-13' ಎಂಬ ನಿಯಮವಿದೆ. ಮಾವೊರಿ ಬಾಲಕಿಯೊಬ್ಬಳ ಛಲವನ್ನು ಹೇಳುವ 'ವೇಲ್ ರೈಡರ್'ನಂಥ ಅಪರಂಜಿ ಚಿತ್ರಕ್ಕೂ ಆ ಮುದ್ರೆ ಬಿದ್ದ ಕಾರಣಗಳಲ್ಲಿ ಕ್ಷಣಮಾತ್ರದ ಒಂದು ಉಲ್ಲೇಖವೂ ಸೇರಿತ್ತು. ಇನ್ನೊಂದೆಡೆ 2008ರ 'ಪೈನಾಪಲ್ ಎಕ್ಸ್‌ಪ್ರೆಸ್'ನಲ್ಲಿ ನಾಯಕರು ಬಸ್ ಚಾರ್ಜಿಗೆಂದು ಶಾಲಾಮಕ್ಕಳಿಗೇ ಗಾಂಜಾ ಮಾರುತ್ತಾರೆ, ಅದೂ ನಗೆಯ ಸರಕು. ಅದಕ್ಕೂ ಬಿದ್ದದ್ದು ಸ್ಪಿಕೋಲಿಯ ಚಿತ್ರಕ್ಕೆ ಬಿದ್ದ 'ಆರ್' ಮುದ್ರೆಯೇ.

ಕಾಲದ ಜೊತೆ ಗಾಂಜಾವೂ ಬದಲಾಗಿದೆ. ಅಮೆರಿಕದಲ್ಲಿ ವಶಪಡಿಸಿಕೊಂಡ ಮಾದರಿಗಳಲ್ಲಿ ಅಮಲಿನ ಅಂಶ ಟಿಎಚ್‌ಸಿ 1995ರಲ್ಲಿ ಸರಾಸರಿ ಶೇ 4ರಷ್ಟಿದ್ದದ್ದು 2014ಕ್ಕೆ ಶೇ 12ರ ಸುಮಾರಿಗೆ ಏರಿತ್ತು. ಮಿದುಳಿನ ಬೆಳವಣಿಗೆ ಇಪ್ಪತ್ತೈದರ ಆಸುಪಾಸಿನವರೆಗೂ ನಡೆಯುತ್ತದೆ. ಹದಿಹರೆಯದಲ್ಲೇ ಶುರುಮಾಡಿದವರು ಚಟಕ್ಕೆ ಬೀಳುವ ಸಂಭವ ಹೆಚ್ಚು. ಚೀಚ್-ಚಾಂಗ್ ಕಾಲದ ನಗೆಯನ್ನು ನೋಡಿ ಇಂದಿನ ಸರಕನ್ನು ಅಳೆಯುವ ಹುಡುಗನಿಗೆ ಈ ವ್ಯತ್ಯಾಸ ಯಾರು ಹೇಳುತ್ತಾರೆ? ಅಮೆರಿಕದಲ್ಲಿ ಮೋಜಿನ ಗಾಂಜಾ ಕಾನೂನುಬದ್ಧವಾದ ರಾಜ್ಯಗಳಲ್ಲೂ ಅದನ್ನು ಕೊಳ್ಳಲು 21 ತುಂಬಿರಬೇಕು. ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾ ಇಟ್ಟುಕೊಳ್ಳುವುದೂ ಅಪರಾಧ.

ನಮ್ಮ ಸೆನ್ಸಾರ್ ಪದ್ಧತಿಯಲ್ಲಿ 2023ರ ತಿದ್ದುಪಡಿ 'ಯುಎ'ಯನ್ನು 7, 13, 16 ಎಂದು ಮೂರಾಗಿ ಒಡೆದದ್ದು ಒಳ್ಳೆಯ ಕೆಲಸ. ಓಟಿಟಿಗೂ 2021ರಿಂದ ಇಂಥದೇ ವಿಂಗಡಣೆ, ಪೋಷಕರ ಲಾಕ್ ಇವೆ. ಲಾಕ್ ಹಾಕಿ, ಆದರೆ ಅಷ್ಟಕ್ಕೇ ನಿಶ್ಚಿಂತರಾಗಬೇಡಿ. ಗೆಳೆಯನ ಮೊಬೈಲಿಗೆ ನಿಮ್ಮ ಪಿನ್ ಬೇಕಿಲ್ಲ. ನನ್ನನ್ನು ಕೇಳಿದರೆ, ಹದಿಮೂರು-ಹದಿನಾಲ್ಕಕ್ಕೆ ಈ ಚಿತ್ರಗಳು ಬೇಡ. ಹದಿನಾರು ದಾಟಿದವರೊಂದಿಗೆ ಮೊದಲು 'ಫಾಸ್ಟ್ ಟೈಮ್ಸ್' ನೋಡಿ, ಅದರ ಲೈಂಗಿಕ ದೃಶ್ಯಗಳಿಗೆ ನೀವೂ ಸಿದ್ಧರಾಗಿ. 'ಅಪ್ ಇನ್ ಸ್ಮೋಕ್' ಹಾಕಿದರೆ ಕಾರಿನ ದೃಶ್ಯದ ಬಳಿಕ ಒಂದು ನಿಮಿಷ ನಿಲ್ಲಿಸಿ, ಇದೇ ಕಾರು ರಾತ್ರಿ ಬೆಂಗಳೂರಿನ ನೈಸ್ ರಸ್ತೆಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿ. 'ಪೈನಾಪಲ್ ಎಕ್ಸ್‌ಪ್ರೆಸ್' ಹದಿನೆಂಟು ತುಂಬುವವರೆಗೆ ಕಾಯಲಿ.